ಕಾರಿನ ಇಂಧನ ಟ್ಯಾಂಕಿನ ಮುಚ್ಚಳ: ಮನೆಯಲ್ಲಿಯೇ ಬದಲಾಯಿಸುವ ವಿಧಾನ ಹಾಗೂ ವಹಿಸಬೇಕಾದ ಎಚ್ಚರಿಕೆಗಳು

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ವಾಹನ ಮಾಲೀಕರ ಹಾಗೂ ಚಾಲಕರ ಮಾಹಿತಿಗಾಗಿ)

1. ಪೀಠಿಕೆ

ಮೋಟಾರು ಕಾರಿನ ಬಿಡಿಭಾಗಗಳ ಪೈಕಿ ಇಂಧನ ಟ್ಯಾಂಕಿನ ಮುಚ್ಚಳವು ಕಡಿಮೆ ಬೆಲೆಯ ವಸ್ತುಗಳಲ್ಲಿ ಒಂದು. ಈ ಕಾರಣದಿಂದಲೇ ಅದರ ಬಗ್ಗೆ ನಿರ್ಲಕ್ಷ್ಯವೂ ಹೆಚ್ಚು. ಮುಚ್ಚಳವನ್ನು ಪೆಟ್ರೋಲ್ ಬಂಕಿನಲ್ಲಿ ಮರೆತು ಬರುವುದು, ರಬ್ಬರ್ ಉಂಗುರ ಸೀಳಿದ್ದರೂ ಅದನ್ನೇ ಬಳಸುತ್ತಿರುವುದು, ಮುಚ್ಚಳ ಕಳೆದುಹೋದಾಗ ಬಟ್ಟೆಯ ತುಂಡನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ತುರುಕಿ ದಿನಗಟ್ಟಲೆ ಸಂಚರಿಸುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿಗಳಾಗಿವೆ.

ಚಾಮರಾಜನಗರ ಜಿಲ್ಲೆಯ ವಾಹನ ಮಾಲೀಕರಿಗೆ ಈ ವಿಷಯವು ಬಯಲುಸೀಮೆಯವರಿಗಿಂತ ಹೆಚ್ಚು ಮುಖ್ಯವಾದುದು. ಗುಂಡ್ಲುಪೇಟೆಯಿಂದ ರಾಷ್ಟ್ರೀಯ ಹೆದ್ದಾರಿ 766ರ ಮೂಲಕ ಸುಲ್ತಾನ್ ಬತ್ತೇರಿ ಹಾಗೂ ಕಲ್ಲಿಕೋಟೆಗೆ, ಹೆದ್ದಾರಿ 181ರ ಮೂಲಕ ಗೂಡಲೂರು ಹಾಗೂ ಉದಕಮಂಡಲಕ್ಕೆ ಸಾಗುವ ವಾಹನಗಳು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವನ್ನು ಹಾದು ಹೋಗುತ್ತವೆ. ಚಾಮರಾಜನಗರದಿಂದ ಹೆದ್ದಾರಿ 948ರಲ್ಲಿ ಪುಣಜನೂರು ಮಾರ್ಗವಾಗಿ ಸತ್ಯಮಂಗಲಕ್ಕೆ ಹೋಗುವವರು ಕಾಡಿನೊಂದಿಗೆ ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನೂ ದಾಟಬೇಕಾಗುತ್ತದೆ. ಈ ಮೂರೂ ಮಾರ್ಗಗಳಲ್ಲಿ ಏರಿಳಿತ, ಅರಣ್ಯ ಮತ್ತು ಬೇಸಿಗೆಯ ಒಣಹುಲ್ಲು ಒಟ್ಟಿಗೆ ಇರುವುದರಿಂದ, ಸರಿಯಾಗಿ ಕೂರದ ಮುಚ್ಚಳವು ಸಣ್ಣ ದೋಷವಾಗಿ ಉಳಿಯುವುದಿಲ್ಲ.

ಮುಚ್ಚಳವನ್ನು ಬದಲಾಯಿಸುವ ಕೆಲಸ ಸುಲಭವಾದುದು. ಬಹುತೇಕ ಕಾರುಗಳಲ್ಲಿ ಯಾವುದೇ ವಿಶೇಷ ಸಲಕರಣೆಯಿಲ್ಲದೆ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಕಷ್ಟವಿರುವುದು ಸರಿಯಾದ ಮುಚ್ಚಳವನ್ನು ಆರಿಸುವುದರಲ್ಲಿ. ಏಕೆಂದರೆ ಅದು ಕೇವಲ ಬಾಯಿ ಮುಚ್ಚುವ ಬಿರಡೆಯಲ್ಲ; ಅದು ಒಂದು ಕವಾಟವೂ ಹೌದು. ಈ ಅಂಶವನ್ನು ಸಾರ್ವಜನಿಕರು ಮೊದಲು ಮನಗಾಣತಕ್ಕದ್ದು.

2. ಮುಚ್ಚಳದ ಕಾರ್ಯಗಳು

(ಅ) ಆವಿಯನ್ನು ತಡೆಯುವುದು: ಪೆಟ್ರೋಲ್ ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣಾಂಶದಲ್ಲಿಯೂ ಹೊತ್ತಿಕೊಳ್ಳಬಲ್ಲಷ್ಟು ಆವಿಯನ್ನು ಹೊರಸೂಸುತ್ತದೆ. ಗಾಳಿಯಲ್ಲಿ ಈ ಆವಿಯ ಪ್ರಮಾಣ ಶೇಕಡ 1.4ರಷ್ಟಾದರೆ ಸಾಕು, ಒಂದು ಕಿಡಿಗೆ ಬೆಂಕಿ ಹತ್ತುತ್ತದೆ. ಅಲ್ಲದೆ ಈ ಆವಿಯು ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರವಾಗಿದ್ದು, ಮೇಲೇರಿ ಚದುರಿ ಹೋಗದೆ ನೆಲದ ಮಟ್ಟದಲ್ಲಿ ಹರಿದು ತಗ್ಗು ಜಾಗದಲ್ಲಿ ನಿಲ್ಲುತ್ತದೆ. ಮನೆಯ ಕೆಳಗಿನ ವಾಹನ ನಿಲುಗಡೆಯಲ್ಲಿ ಮುಚ್ಚಳವಿಲ್ಲದ ಕಾರನ್ನು ರಾತ್ರಿಯಿಡೀ ನಿಲ್ಲಿಸಿದಾಗ ಉಂಟಾಗುವ ಅಪಾಯ ಇದೇ ಆಗಿದೆ. ಪೆಟ್ರೋಲಿನಲ್ಲಿ ಆರೋಗ್ಯಕ್ಕೆ ಹಾನಿಕರವಾದ ಬೆಂಜೀನ್ ಸಹ ಶೇಕಡ 1ರ ಮಿತಿಯೊಳಗೆ ಇರುವುದರಿಂದ, ಆವಿಯನ್ನು ಉಸಿರಾಡುವುದೂ ಒಳ್ಳೆಯದಲ್ಲ.

(ಆ) ಚೆಲ್ಲುವುದನ್ನು ತಡೆಯುವುದು: ಟ್ಯಾಂಕ್ ತುಂಬಿರುವಾಗ ತಿರುವುಗಳಲ್ಲಿ ಇಂಧನ ಒಂದು ಬದಿಗೆ ನುಗ್ಗುತ್ತದೆ. ಮುಚ್ಚಳ ಸಡಿಲವಾಗಿದ್ದಲ್ಲಿ ಇಂಧನವು ಹೊರಬಿದ್ದು ವಾಹನದ ಬಣ್ಣವನ್ನು ಕೆಡಿಸುವುದಲ್ಲದೆ, ರಸ್ತೆಯ ಮೇಲೆ ಬಿದ್ದು ಹಿಂದೆ ಬರುವ ದ್ವಿಚಕ್ರ ವಾಹನ ಸವಾರರು ಜಾರಿ ಬೀಳಲು ಕಾರಣವಾಗಬಹುದು. ಡೀಸೆಲ್ ಬೇಗ ಆರಿಹೋಗದ ಕಾರಣ ಈ ಅಪಾಯ ಡೀಸೆಲ್ ವಾಹನಗಳಲ್ಲಿ ಇನ್ನೂ ಹೆಚ್ಚು.

(ಇ) ನೀರು ಮತ್ತು ಧೂಳನ್ನು ತಡೆಯುವುದು: ಶೇಕಡ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಮಳೆಯ ನೀರು ಹೆಚ್ಚಾಗಿ ಸೇರಿದಲ್ಲಿ ಎಥನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ. ಎಂಜಿನ್ ಮಿಡುಕುತ್ತದೆ ಅಥವಾ ಚಾಲನೆಯಾಗುವುದೇ ಇಲ್ಲ. ಮುಚ್ಚಳದ ಬೆಲೆಯನ್ನು ಉಳಿಸಲು ಹೋಗಿ ಟ್ಯಾಂಕನ್ನು ಇಳಿಸಿ ತೊಳೆಸುವ ವೆಚ್ಚಕ್ಕೆ ಗುರಿಯಾಗುವುದು ಲೆಕ್ಕಾಚಾರದ ದೃಷ್ಟಿಯಿಂದಲೂ ಸರಿಯಲ್ಲ.

(ಈ) ಒತ್ತಡವನ್ನು ಸಮತೋಲನದಲ್ಲಿಡುವುದು: ಇದು ಬಹಳ ಜನರಿಗೆ ತಿಳಿಯದ ಕಾರ್ಯ. ಇದನ್ನು ಮುಂದಿನ ಭಾಗದಲ್ಲಿ ವಿವರಿಸಲಾಗಿದೆ.

3. ಘಟ್ಟದ ರಸ್ತೆ ಮತ್ತು ಟ್ಯಾಂಕಿನ ಒತ್ತಡ

ಗುಂಡ್ಲುಪೇಟೆಯು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದ್ದರೆ, ಉದಕಮಂಡಲವು ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಈ ಏರಿಕೆಯಲ್ಲಿ ಹೊರಗಿನ ವಾಯುಭಾರವು ಸರಿಸುಮಾರು ಶೇಕಡ 15ರಷ್ಟು ಕಡಿಮೆಯಾಗುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ ಇದು ಸುಮಾರು 150 ಗ್ರಾಂ ತೂಕದ ಒತ್ತಡಕ್ಕೆ ಸಮ. ಅಂಕಿಯು ಅಲ್ಪವೆಂದು ತೋರಬಹುದು. ಆದರೆ 50 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಟ್ಯಾಂಕಿನ ಒಂದು ಮುಖವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದರ ವಿಸ್ತೀರ್ಣ 2,500 ಚದರ ಸೆಂಟಿಮೀಟರ್. ಒಟ್ಟು ಒತ್ತಡ ಸುಮಾರು 375 ಕಿಲೋಗ್ರಾಂ. ಅಂದರೆ, ಗಾಳಿಯಾಡಲು ಯಾವ ದಾರಿಯೂ ಇಲ್ಲದಂತೆ ಬಿಗಿದ ಟ್ಯಾಂಕಿನ ಗೋಡೆಯ ಮೇಲೆ ಐದಾರು ಮಂದಿ ನಿಂತಷ್ಟು ಭಾರ ಬೀಳುತ್ತದೆ.

ಹೀಗಾಗದಂತೆ ತಯಾರಕರು ವ್ಯವಸ್ಥೆ ಮಾಡಿರುತ್ತಾರೆ. ಅಂಬಾಸಿಡರ್ ಮುಂತಾದ ಹಳೆಯ ಮಾದರಿಯ ಕಾರುಗಳಲ್ಲಿ ಟ್ಯಾಂಕು ನೇರವಾಗಿ ಹೊರಗಿನ ಗಾಳಿಯೊಂದಿಗೆ ಉಸಿರಾಡುವ ಏರ್ಪಾಡಿರುತ್ತಿತ್ತು. ನಂತರದ ಪೆಟ್ರೋಲ್ ಕಾರುಗಳಲ್ಲಿ ಟ್ಯಾಂಕಿನ ಆವಿಯು ಇದ್ದಿಲು ತುಂಬಿದ ಡಬ್ಬಿಯೊಂದರಲ್ಲಿ ಸಂಗ್ರಹವಾಗಿ, ಎಂಜಿನ್ ಚಾಲನೆಯಲ್ಲಿರುವಾಗ ಅದರೊಳಗೆ ಹೋಗಿ ಉರಿಯುತ್ತದೆ. ಇಂತಹ ಕಾರುಗಳ ಮುಚ್ಚಳವು ಸಾಮಾನ್ಯ ಸ್ಥಿತಿಯಲ್ಲಿ ಬಿಗಿಯಾಗಿ ಮುಚ್ಚಿದ್ದು, ಬಹಳಷ್ಟು ಮಾದರಿಗಳಲ್ಲಿ ಟ್ಯಾಂಕಿನೊಳಗೆ ನಿರ್ವಾತ ಉಂಟಾದಾಗ ಗಾಳಿಯನ್ನು ಒಳಬಿಡುವ ಹಾಗೂ ಒತ್ತಡ ಮಿತಿಮೀರಿದಾಗ ಹೊರಬಿಡುವ ಸಣ್ಣ ಸ್ಪ್ರಿಂಗ್ ಕವಾಟವನ್ನು ಹೊಂದಿರುತ್ತದೆ.

ಹಳೆಯ ಮಾದರಿಯ ಕಾರಿಗೆ ಉಸಿರುಕಿಂಡಿಯಿಲ್ಲದ ಮುಚ್ಚಳ ಹಾಕಿದಲ್ಲಿ ಇಂಧನ ಖರ್ಚಾದಂತೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ, ಎಂಜಿನ್‌ಗೆ ಇಂಧನ ಸರಿಯಾಗಿ ತಲುಪದೆ ವಾಹನವು ನಡುದಾರಿಯಲ್ಲಿ ನಿಲ್ಲಬಹುದು. ಟ್ಯಾಂಕ್ ಒಳಕ್ಕೆ ಕುಗ್ಗಲೂಬಹುದು. ಹೊಸ ಮಾದರಿಯ ಕಾರಿಗೆ ಉಸಿರುಕಿಂಡಿಯುಳ್ಳ ಮುಚ್ಚಳ ಹಾಕಿದಲ್ಲಿ ಆವಿಯು ನೇರವಾಗಿ ಹೊರಬರುತ್ತದೆ. ಎರಡೂ ಮುಚ್ಚಳಗಳು ಹೊರನೋಟಕ್ಕೆ ಒಂದೇ ರೀತಿ ಕಾಣಬಹುದು. ಬಾಯಿಗೆ ಸರಿಯಾಗಿ ಕೂರಲೂಬಹುದು. ಆದುದರಿಂದ ‘ಕೂರುತ್ತದೆ’ ಎಂಬ ಒಂದೇ ಕಾರಣಕ್ಕೆ ಮುಚ್ಚಳವನ್ನು ಖರೀದಿಸಬಾರದು.

4. ಮುಚ್ಚಳ ಬದಲಾಯಿಸಬೇಕೆಂಬುದರ ಸೂಚನೆಗಳು

ಕೆಳಕಂಡ ಯಾವುದೇ ಒಂದು ಲಕ್ಷಣ ಕಂಡುಬಂದಲ್ಲಿ ಮುಚ್ಚಳವನ್ನು ಪರಿಶೀಲಿಸತಕ್ಕದ್ದು:

1. ಟ್ಯಾಂಕ್ ತುಂಬಿಸಿದ ನಂತರ ಹಿಂಬದಿಯಲ್ಲಿ ಪೆಟ್ರೋಲ್ ವಾಸನೆ ಬರುವುದು.
2. ಮುಚ್ಚಳದ ಕೆಳಭಾಗದ ಬಣ್ಣದ ಮೇಲೆ ಇಂಧನ ಸೋರಿದ ಗೆರೆ ಕಾಣುವುದು.
3. ರಬ್ಬರ್ ಉಂಗುರವು ಗಟ್ಟಿಯಾಗಿರುವುದು, ಉಬ್ಬಿರುವುದು, ಸೀಳಿರುವುದು ಅಥವಾ ಚಪ್ಪಟೆಯಾಗಿರುವುದು.
4. ‘ಟಿಕ್ ಟಿಕ್’ ಎಂದು ಸದ್ದು ಮಾಡಬೇಕಾದ ಮುಚ್ಚಳವು ಸದ್ದಿಲ್ಲದೆ ಸುತ್ತುತ್ತಲೇ ಇರುವುದು.
5. ಮುಚ್ಚಳ ತೆಗೆದಾಗ ಪ್ರತಿ ಬಾರಿಯೂ ಜೋರಾಗಿ ಗಾಳಿ ಒಳಗೆ ಎಳೆದ ಸದ್ದು ಬರುವುದು. ಘಟ್ಟದಿಂದ ಇಳಿದು ಬಂದಾಗ ಅಥವಾ ಬಿಸಿಲಿನಲ್ಲಿ ನಿಲ್ಲಿಸಿದ ನಂತರ ಕೇಳಿಬರುವ ಸಣ್ಣ ‘ಹಿಸ್’ ಸದ್ದು ಸಹಜವಾದುದು.
6. ಮುಚ್ಚಳವನ್ನು ವಾಹನಕ್ಕೆ ಬಂಧಿಸುವ ಪ್ಲಾಸ್ಟಿಕ್ ಪಟ್ಟಿಯು ತುಂಡಾಗಿರುವುದು.

ಕೊನೆಯ ಅಂಶವನ್ನು ಅನೇಕರು ಲೆಕ್ಕಿಸುವುದಿಲ್ಲ. ಮುಚ್ಚಳ ಕಳೆಯದಂತೆ ನೋಡಿಕೊಳ್ಳುವುದೇ ಈ ಪಟ್ಟಿಯ ಉದ್ದೇಶ. ವಾಹನಗಳ ಹೊಗೆ ಮತ್ತು ಆವಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 83ನೇ ನಿಯಮಾವಳಿಯು ಮುಚ್ಚಳ ಇಲ್ಲದಿರುವುದರಿಂದ ಆವಿ ಹಾಗೂ ಇಂಧನ ಹೊರಹೋಗದಂತೆ ವಾಹನದಲ್ಲಿಯೇ ಏರ್ಪಾಡು ಇರಬೇಕೆಂದು ವಿಧಿಸುತ್ತದೆ. ಪಟ್ಟಿಯಿಂದ ಅಥವಾ ಸರಪಳಿಯಿಂದ ಬಂಧಿಸಿದ ಮುಚ್ಚಳ, ಇಲ್ಲವೇ ವಾಹನದ ಕೀಲಿಯಿಂದಲೇ ತೆರೆಯುವ ಮುಚ್ಚಳ ಇಂತಹ ಏರ್ಪಾಡುಗಳಾಗಿವೆ. ಕೀಲಿಯ ಮುಚ್ಚಳದಲ್ಲಿ ಬೀಗ ಹಾಕಿದ ಸ್ಥಿತಿಯಲ್ಲಿ ಮಾತ್ರ ಕೀಲಿಯು ಹೊರಬರಬೇಕೆಂಬುದು ಅದರ ಷರತ್ತು. ಮುಚ್ಚಳ ಹಾಕದೆ ವಾಹನವನ್ನು ಚಾಲನೆ ಮಾಡಲು ಆಗದಿರಲೆಂಬುದು ಇದರ ಆಶಯ.

5. ಸರಿಯಾದ ಮುಚ್ಚಳದ ಆಯ್ಕೆ

(ಅ) ವಾಹನದ ತಯಾರಕರು, ಮಾದರಿ, ತಯಾರಿಕೆಯ ವರ್ಷ ಮತ್ತು ಇಂಧನದ ವಿಧವನ್ನು ನೋಂದಣಿ ಪತ್ರದಿಂದ ಬರೆದುಕೊಂಡು ಅಂಗಡಿಗೆ ಹೋಗತಕ್ಕದ್ದು. ಹಳೆಯ ಮುಚ್ಚಳವಿದ್ದಲ್ಲಿ ಅದನ್ನು ಕಾರಿನಿಂದ ತೆಗೆದು ಒಯ್ಯುವ ಬದಲು ಎರಡೂ ಬದಿಯ ಛಾಯಾಚಿತ್ರ ತೆಗೆದುಕೊಂಡು ಹೋಗುವುದು ಸೂಕ್ತ.

(ಆ) ಹೊರಗಿನ ಅಳತೆ, ಥ್ರೆಡ್‌ನ ಸುತ್ತುಗಳು, ಒಳಭಾಗದ ಉದ್ದ, ರಬ್ಬರ್ ಉಂಗುರದ ದಪ್ಪ ಮತ್ತು ಕವಾಟ, ಈ ಐದು ಅಂಶಗಳನ್ನು ಹೋಲಿಸಿ ನೋಡತಕ್ಕದ್ದು. ಮುಚ್ಚಳದ ಮೇಲೆ ಅಥವಾ ಒಳಗೆ ಅಚ್ಚೊತ್ತಿದ ಭಾಗದ ಸಂಖ್ಯೆ ಇದ್ದಲ್ಲಿ ಅದೇ ಆಧಾರ.

(ಇ) ಬಿಎಸ್–6 ಮಾನದಂಡದ ಕೆಲವು ಡೀಸೆಲ್ ಕಾರುಗಳಲ್ಲಿ ಎರಡು ಬಾಯಿಗಳಿರುತ್ತವೆ. ನೀಲಿ ಬಣ್ಣದ ಮುಚ್ಚಳವು ಹೊಗೆ ಶುದ್ಧೀಕರಣಕ್ಕೆ ಬಳಸುವ ಡಿಇಎಫ್ ದ್ರಾವಣದ್ದಾಗಿದೆ. ಇವೆರಡನ್ನು ಯಾವ ಕಾರಣಕ್ಕೂ ಅದಲುಬದಲು ಮಾಡಬಾರದು.

(ಈ) ಮುಚ್ಚಳ ಚೆನ್ನಾಗಿದ್ದು ಉಂಗುರ ಮಾತ್ರ ಹಾಳಾಗಿದ್ದಲ್ಲಿ, ಆ ಮಾದರಿಗೆ ಉಂಗುರ ಪ್ರತ್ಯೇಕವಾಗಿ ದೊರೆತರೆ ಅದನ್ನಷ್ಟೇ ಬದಲಾಯಿಸಬಹುದು. ನಲ್ಲಿಗೆ ಬಳಸುವ ವಾಷರ್ ಹಾಕಬಾರದು. ಸಾಮಾನ್ಯ ರಬ್ಬರ್ ಪೆಟ್ರೋಲ್ ತಾಗಿ ಉಬ್ಬಿ ಹಾಳಾಗುತ್ತದೆ.

(ಉ) ಪೊಟ್ಟಣದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕೆಯ ತಿಂಗಳು ಮತ್ತು ವರ್ಷ, ಗರಿಷ್ಠ ಚಿಲ್ಲರೆ ಮಾರಾಟ ಬೆಲೆ ಹಾಗೂ ದೂರಿಗಾಗಿ ಸಂಪರ್ಕ ವಿವರ ಇರುವುದನ್ನು ಖಚಿತಪಡಿಸಿಕೊಂಡು, ರಸೀದಿಯನ್ನು ತಪ್ಪದೆ ಪಡೆಯತಕ್ಕದ್ದು. ರಸೀದಿಯಿಲ್ಲದ ಖರೀದಿಯಲ್ಲಿ ಉಳಿಯುವ ಹಣಕ್ಕಿಂತ ಕಳೆದುಕೊಳ್ಳುವ ಹಕ್ಕು ದೊಡ್ಡದು.

6. ಪೂರ್ವಸಿದ್ಧತೆ

1. ಹಗಲು ಹೊತ್ತಿನಲ್ಲಿ, ಬಯಲಿನಲ್ಲಿ, ನೆರಳಿರುವ ಸಮತಟ್ಟಾದ ಜಾಗದಲ್ಲಿ ಕಾರನ್ನು ನಿಲ್ಲಿಸಿ. ಮುಚ್ಚಿದ ಶೆಡ್ಡು ಅಥವಾ ಒಣಹುಲ್ಲಿನ ಮೇಲೆ ಈ ಕೆಲಸ ಮಾಡಬೇಡಿ. 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನದ ವೇಳೆ ಒಣಹುಲ್ಲಿನ ಮೈದಾನದಲ್ಲಿ ನಿಲ್ಲಿಸಿದ್ದ ಸುಮಾರು 300 ಕಾರುಗಳು ಬೆಂಕಿಗೆ ಆಹುತಿಯಾದುದನ್ನು ನೆನಪಿಡಿ.
2. ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಕೀಲಿ ತೆಗೆದಿಡಿ. ಎಂಜಿನ್ ತಣಿಯುವವರೆಗೆ ಕಾಯಿರಿ.
3. ಸಮೀಪದಲ್ಲಿ ಬೀಡಿ, ಸಿಗರೇಟು, ಊದುಬತ್ತಿ, ಸೊಳ್ಳೆಬತ್ತಿ, ನೀರೊಲೆ, ಗ್ಯಾಸ್ ಒಲೆ ಯಾವುದೂ ಉರಿಯುತ್ತಿರಬಾರದು. ಪೂಜೆಗಾಗಿ ವಾಹನದ ಮುಂದೆ ಹಚ್ಚಿದ ಕರ್ಪೂರ ಆರಿದ್ದರೂ ಅದನ್ನು ದೂರ ಸರಿಸಿ.
4. ಮಕ್ಕಳನ್ನು ದೂರವಿರಿಸಿ. ಮೊಬೈಲ್ ದೂರವಾಣಿಯನ್ನು ಬದಿಗಿಡಿ.
5. ಕೈಗವಸು, ನೂಲು ಬಿಡದ ಒಣ ಬಟ್ಟೆ ಮತ್ತು ಒಂದು ಬಕೆಟ್ ಒಣ ಮರಳು ಸಿದ್ಧವಾಗಿರಲಿ.

ಟ್ಯಾಂಕಿನಲ್ಲಿರುವ ಇಂಧನವನ್ನು ಖಾಲಿ ಮಾಡುವ ಅವಶ್ಯಕತೆ ಇರುವುದಿಲ್ಲ. ಕೊಳವೆಯನ್ನು ಬಾಯಿಯಿಂದ ಹೀರಿ ಪೆಟ್ರೋಲ್ ತೆಗೆಯುವ ಪದ್ಧತಿಯು ಪ್ರಾಣಾಪಾಯಕಾರಿಯಾಗಿದ್ದು, ಅದನ್ನು ಸಂಪೂರ್ಣವಾಗಿ ಬಿಡತಕ್ಕದ್ದು. ಸಿಎನ್‌ಜಿ ಅಥವಾ ಎಲ್‌ಪಿಜಿ ಅನಿಲದ ಭಾಗಗಳನ್ನು ಮನೆಯಲ್ಲಿ ಮುಟ್ಟಬಾರದು.

7. ಬದಲಾಯಿಸುವ ವಿಧಾನ

ಹಂತ 1: ವಾಹನದ ಬಣ್ಣವಿಲ್ಲದ ಲೋಹದ ಭಾಗವನ್ನು ಬರಿಗೈಯಿಂದ ಒಮ್ಮೆ ಮುಟ್ಟಿ. ಇದರಿಂದ ಮೈಯಲ್ಲಿ ಸಂಗ್ರಹವಾಗಿರುವ ಸ್ಥಿರ ವಿದ್ಯುತ್ ಹರಿದುಹೋಗುತ್ತದೆ. ನಂತರ ಕೈಗವಸು ಧರಿಸಿ, ಹೊರಗಿನ ಬಾಗಿಲನ್ನು ತೆರೆಯಿರಿ.

ಹಂತ 2: ಮುಚ್ಚಳದ ಸುತ್ತಲಿನ ಧೂಳನ್ನು ಮೊದಲು ಒರೆಸಿ. ತೆರೆದ ನಂತರ ಒರೆಸಿದರೆ ಧೂಳು ಟ್ಯಾಂಕಿನೊಳಗೆ ಬೀಳುತ್ತದೆ.

ಹಂತ 3: ಮುಚ್ಚಳವನ್ನು ಎಡಕ್ಕೆ ಸ್ವಲ್ಪವೇ ತಿರುಗಿಸಿ ನಿಲ್ಲಿಸಿ. ‘ಹಿಸ್’ ಸದ್ದು ಬಂದಲ್ಲಿ ಅದು ನಿಲ್ಲುವವರೆಗೆ ಕಾದು, ಬಳಿಕ ಪೂರ್ತಿ ತೆಗೆಯಿರಿ. ಮುಖವನ್ನು ಬಾಯಿಯ ನೇರಕ್ಕೆ ತರಬೇಡಿ.

ಹಂತ 4: ಬಂಧನ ಪಟ್ಟಿಯ ಒಂದು ತುದಿ ಮುಚ್ಚಳಕ್ಕೂ ಇನ್ನೊಂದು ತುದಿ ವಾಹನದ ಒಡಲಿಗೂ ಸೇರಿರುತ್ತದೆ. ಒಡಲಿನ ತುದಿಯಲ್ಲಿ ಸಾಮಾನ್ಯವಾಗಿ ರಂಧ್ರಕ್ಕೆ ಒತ್ತಿ ಕೂರಿಸಿದ ಪ್ಲಾಸ್ಟಿಕ್ ಗುಬುಟು ಇರುತ್ತದೆ. ಅದನ್ನು ಬೆರಳಿನಿಂದ ಅಥವಾ ಪ್ಲಾಸ್ಟಿಕ್ ಚಪ್ಪಟೆ ಕಡ್ಡಿಯಿಂದ ನಿಧಾನವಾಗಿ ಎತ್ತಿ. ಕಬ್ಬಿಣದ ಸ್ಕ್ರೂಡ್ರೈವರ್ ಬಳಸಿ ಮೀಟಬೇಡಿ. ಪಟ್ಟಿ ಸಾಗಿದ್ದ ದಾರಿಯನ್ನು ಗಮನಿಸಿ.

ಹಂತ 5: ಕೊಳವೆಯ ಬಾಯಿಯ ಅಂಚನ್ನು ಒಣ ಬಟ್ಟೆಯಿಂದ ಒರೆಸಿ, ತುಕ್ಕು, ಬಿರುಕು ಅಥವಾ ತಗ್ಗು ಇದೆಯೇ ಎಂದು ಪರಿಶೀಲಿಸಿ. ಅಂಚೇ ಹಾಳಾಗಿದ್ದಲ್ಲಿ ಹೊಸ ಮುಚ್ಚಳದಿಂದ ಪ್ರಯೋಜನವಿಲ್ಲ, ಗ್ಯಾರೇಜಿನಲ್ಲಿ ತೋರಿಸಬೇಕು. ಬಟ್ಟೆಯನ್ನು ಕೊಳವೆಯೊಳಗೆ ತುರುಕಬೇಡಿ.

ಹಂತ 6: ಹೊಸ ಮುಚ್ಚಳದ ಪಟ್ಟಿಯನ್ನು ಅದೇ ದಾರಿಯಲ್ಲಿ ಹಾಯಿಸಿ, ಗುಬುಟನ್ನು ಅದೇ ರಂಧ್ರಕ್ಕೆ ಒತ್ತಿ ಕೂರಿಸಿ. ಸ್ವಲ್ಪ ಎಳೆದು ನೋಡಿ ಖಚಿತಪಡಿಸಿಕೊಳ್ಳಿ.

ಹಂತ 7: ಮುಚ್ಚಳವನ್ನು ನೇರವಾಗಿ ಇಟ್ಟು, ಮೊದಲು ಎಡಕ್ಕೆ ಸ್ವಲ್ಪ ತಿರುಗಿಸಿ. ಥ್ರೆಡ್ ಸರಿಯಾದ ಜಾಗಕ್ಕೆ ಬಂದಾಗ ಮುಚ್ಚಳ ತುಸು ಕೆಳಗಿಳಿದ ಅನುಭವವಾಗುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿ. ‘ಟಿಕ್’ ಸದ್ದು ಎಷ್ಟು ಬಾರಿ ಬರಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗಿರುವುದರಿಂದ ವಾಹನದ ಕೈಪಿಡಿಯನ್ನು ನೋಡಿ. ಬಲವಂತ ಬೇಡ.

ಹಂತ 8: ಪಟ್ಟಿಯು ಮುಚ್ಚಳದ ಅಡಿ ಸಿಕ್ಕಿಕೊಂಡಿಲ್ಲವೆಂದು ನೋಡಿ ಹೊರಬಾಗಿಲನ್ನು ಮುಚ್ಚಿ. ಬಾಗಿಲು ಪೂರ್ತಿ ಕೂರದಿದ್ದಲ್ಲಿ ಮುಚ್ಚಳದ ಎತ್ತರ ಸರಿಯಿಲ್ಲವೆಂದು ತಿಳಿಯತಕ್ಕದ್ದು.

ಹಂತ 9: ಸ್ಥಳೀಯವಾಗಿ ಕೆಲವು ಕಿಲೋಮೀಟರ್ ಓಡಿಸಿ, ಮುಚ್ಚಳದ ಸುತ್ತ ಒಣ ಬಟ್ಟೆಯಿಂದ ಒರೆಸಿ ತೇವ ಅಥವಾ ವಾಸನೆ ಇದೆಯೇ ನೋಡಿ. ಮುಂದಿನ ಬಾರಿ ಟ್ಯಾಂಕ್ ತುಂಬಿಸಿದಾಗ ಇದೇ ಪರೀಕ್ಷೆಯನ್ನು ಪುನಃ ಮಾಡಿ. ಈ ಪರೀಕ್ಷೆಗಳು ಮುಗಿಯುವವರೆಗೆ ಘಟ್ಟದ ಪ್ರಯಾಣ ಬೇಡ.

ಹೊರಗಡೆಯೇ ಕೀಲಿಯ ಮುಚ್ಚಳವಿರುವ ಓಮ್ನಿ ಮುಂತಾದ ವಾಹನಗಳಲ್ಲಿ ಬಂಧನ ಪಟ್ಟಿಗೆ ಸಂಬಂಧಿಸಿದ ಹಂತಗಳು ಅನ್ವಯಿಸುವುದಿಲ್ಲ. ಹೊಸ ಮುಚ್ಚಳದ ಕೀಲಿ ಬೇರೆಯಾಗಿದ್ದಲ್ಲಿ ಎರಡನೆಯ ಪ್ರತಿಯನ್ನು ಮನೆಯಲ್ಲಿರಿಸಿ. ಕೀಲಿಯು ಬೀಗದೊಳಗೆ ಮುರಿದಲ್ಲಿ ಅದನ್ನು ಡ್ರಿಲ್ ಮಾಡುವುದಾಗಲಿ, ಕಾಯಿಸುವುದಾಗಲಿ, ಸುತ್ತಿಗೆಯಿಂದ ಹೊಡೆಯುವುದಾಗಲಿ ಮಾಡಬಾರದು. ಅನುಭವಿ ಮೆಕ್ಯಾನಿಕರನ್ನು ಕರೆಸತಕ್ಕದ್ದು.

8. ದಾರಿಯಲ್ಲಿ ಮುಚ್ಚಳ ಕಳೆದುಹೋದಲ್ಲಿ

ಬಟ್ಟೆಯನ್ನು ಯಾವ ಕಾರಣಕ್ಕೂ ತುರುಕಬಾರದು. ಅದು ಮುಚ್ಚಳದ ಕೆಲಸ ಮಾಡುವುದಿಲ್ಲ. ದೀಪದ ಬತ್ತಿಯಂತೆ ಇಂಧನವನ್ನು ಹೀರಿ ಹೊರಗೆ ತಂದು ಬೆಂಕಿಗೆ ಆಹಾರವಾಗುತ್ತದೆ. ಪ್ಲಾಸ್ಟಿಕ್ ಚೀಲವು ಪೆಟ್ರೋಲಿನಲ್ಲಿ ಮೆತ್ತಗಾಗಿ ಟ್ಯಾಂಕಿನೊಳಗೆ ಜಾರಬಹುದು.

ಕೊನೆಯದಾಗಿ ಇಂಧನ ತುಂಬಿಸಿದ ಬಂಕನ್ನು ಮೊದಲು ವಿಚಾರಿಸುವುದು. ಸಿಗದಿದ್ದಲ್ಲಿ, ಟ್ಯಾಂಕನ್ನು ಮತ್ತೆ ತುಂಬಿಸದೆ, ನಿಧಾನವಾಗಿ ಹತ್ತಿರದ ಬಿಡಿಭಾಗಗಳ ಅಂಗಡಿಯವರೆಗೆ ಮಾತ್ರ ಹೋಗುವುದು. ಎಲ್ಲ ಮಾದರಿಗೂ ಹೊಂದುವ ತಾತ್ಕಾಲಿಕ ಮುಚ್ಚಳವು ಅಂಗಡಿ ಅಥವಾ ಮನೆ ತಲುಪುವಷ್ಟಕ್ಕೆ ಮಾತ್ರ, ಕಾಯಂ ಬಳಕೆಗಲ್ಲ.

ಮುಚ್ಚಳವಿಲ್ಲದೆ ಅಥವಾ ತಾತ್ಕಾಲಿಕ ಮುಚ್ಚಳದೊಂದಿಗೆ ಬಂಡೀಪುರದ ರಸ್ತೆಗೆ ಇಳಿಯಬಾರದು. ಉದಕಮಂಡಲದ ಕಡೆಗೆ ಮೇಲುಕಾಮನಹಳ್ಳಿ ಮತ್ತು ಕೇರಳದ ಕಡೆಗೆ ಮದ್ದೂರು ತನಿಖಾ ಠಾಣೆ ದಾಟಿದ ನಂತರ ಅರಣ್ಯದೊಳಗೆ ವಾಹನ ನಿಲ್ಲಿಸಿ ಇಳಿಯುವುದಕ್ಕೆ ಅವಕಾಶವಿರುವುದಿಲ್ಲ. 2009ರಿಂದ ಈ ಎರಡೂ ಮಾರ್ಗಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಸಾಮಾನ್ಯ ವಾಹನ ಸಂಚಾರ ನಿರ್ಬಂಧಿಸಲಾಗಿದೆ. ರಾತ್ರಿ 8 ಗಂಟೆಯ ನಂತರ ‘ಆಚೆ ಹೋಗಿ ನೋಡೋಣ’ ಎಂಬ ಅವಸರದಲ್ಲಿ ಸೋರುವ ವಾಹನದೊಂದಿಗೆ ಹೊರಡುವುದಕ್ಕಿಂತ ಗುಂಡ್ಲುಪೇಟೆಯಲ್ಲಿ ತಂಗುವುದು ಲೇಸು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಅರಣ್ಯದಲ್ಲಿ ಹಬ್ಬಿದ ಕಾಳ್ಗಿಚ್ಚು ಸಾವಿರಾರು ಎಕರೆಯನ್ನು ಸುಟ್ಟಿತು. ಅದು ವಾಹನದಿಂದ ಆದುದಲ್ಲ. ಆದರೆ ಬೇಸಿಗೆಯಲ್ಲಿ ಈ ಕಾಡು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿದೆ.

9. ಕಾನೂನಿನ ಅಂಶಗಳು

(ಅ) ಅಪಾಯಕಾರಿ ದೋಷವಿದೆಯೆಂದು ತಿಳಿದಿದ್ದರೂ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದಲ್ಲಿ ತಿಳಿಯಬಹುದಾಗಿದ್ದರೂ, ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 190ರ ಮೇರೆಗೆ ಅಪರಾಧವಾಗಿದೆ.

(ಆ) ಪೆಟ್ರೋಲಿಯಂ ಅಧಿನಿಯಮ, 1934ರ ಪ್ರಕಾರ ಪರವಾನಗಿಯಿಲ್ಲದೆ ಇರಿಸಿಕೊಳ್ಳಬಹುದಾದ ಅಲ್ಪ ಪ್ರಮಾಣದ ಪೆಟ್ರೋಲನ್ನೂ ಭದ್ರವಾಗಿ ಬಿರಡೆ ಹಾಕಿದ ಗಾಜು, ಪಿಂಗಾಣಿ ಜೇಡಿ ಅಥವಾ ಲೋಹದ ಪಾತ್ರೆಯಲ್ಲಿಯೇ ಇಡತಕ್ಕದ್ದು. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಡುವುದು ಸಲ್ಲದು.

(ಇ) ದೋಷಪೂರಿತ ಅಥವಾ ನಕಲಿ ಮುಚ್ಚಳದಿಂದ ನಷ್ಟವಾದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗಿದ್ದಲ್ಲಿ ಶುಲ್ಕವಿರುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮುಚ್ಚಳ ಸಡಿಲವಾದರೆ ಎಂಜಿನ್ ಎಚ್ಚರಿಕೆಯ ದೀಪ ಹೊತ್ತುವುದಿಲ್ಲವೇ?
ಉತ್ತರ: ಅಮೆರಿಕದ ಮಾರುಕಟ್ಟೆಗೆ ತಯಾರಾದ ಕಾರುಗಳಲ್ಲಿ ಆವಿ ಸೋರಿಕೆಯನ್ನು ಪತ್ತೆಹಚ್ಚುವ ವ್ಯವಸ್ಥೆ ಇರುವುದರಿಂದ ದೀಪ ಹೊತ್ತುತ್ತದೆ. ನಮ್ಮಲ್ಲಿನ ಕಾರುಗಳಲ್ಲಿ ಹೊತ್ತದೆಯೂ ಇರಬಹುದು. ದೀಪ ಹೊತ್ತಿಲ್ಲವೆಂಬುದು ಮುಚ್ಚಳ ಸರಿಯಿದೆಯೆಂಬುದಕ್ಕೆ ಸಾಕ್ಷಿಯಲ್ಲ.

ಪ್ರಶ್ನೆ: ಡೀಸೆಲ್ ಬೇಗ ಹೊತ್ತಿಕೊಳ್ಳುವುದಿಲ್ಲವಾದ್ದರಿಂದ ಮುಚ್ಚಳ ಅಷ್ಟು ಮುಖ್ಯವೇ?
ಉತ್ತರ: ಬೆಂಕಿಯ ಅಪಾಯ ಕಡಿಮೆ, ಇಲ್ಲವೆಂದಲ್ಲ. ಆದರೆ ನೀರು ಮತ್ತು ಧೂಳು ಸೇರಿದಲ್ಲಿ ಡೀಸೆಲ್ ಎಂಜಿನ್ನಿನ ದುಬಾರಿ ಪಂಪು ಹಾಗೂ ಇಂಜೆಕ್ಟರುಗಳು ಹಾಳಾಗುತ್ತವೆ.

ಪ್ರಶ್ನೆ: ಉಂಗುರಕ್ಕೆ ಎಣ್ಣೆ ಅಥವಾ ಗ್ರೀಸ್ ಸವರಬಹುದೇ?
ಉತ್ತರ: ಕೈಪಿಡಿಯಲ್ಲಿ ಹೇಳಿರದ ಹೊರತು ಸವರಬಾರದು. ಗ್ರೀಸಿಗೆ ಧೂಳು ಅಂಟುತ್ತದೆ.

ಪ್ರಶ್ನೆ: ಕೆಲಸದ ವೇಳೆ ಬೆಂಕಿ ಹೊತ್ತಿಕೊಂಡಲ್ಲಿ ಏನು ಮಾಡಬೇಕು?
ಉತ್ತರ: ನೀರು ಎರಚಬಾರದು, ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತದೆ. ನೆಲಕ್ಕೆ ಚೆಲ್ಲಿದ ಸಣ್ಣ ಬೆಂಕಿಗೆ ಒಣ ಮರಳು ಅಥವಾ ಒಣ ಪುಡಿಯ ಅಗ್ನಿಶಾಮಕ ಬಳಸಿ. ಟ್ಯಾಂಕಿನ ಬಾಯಿಗೇ ಬೆಂಕಿ ತಗುಲಿದಲ್ಲಿ ಎಲ್ಲರನ್ನೂ ದೂರ ಕಳುಹಿಸಿ 112 ಸಂಖ್ಯೆಗೆ ಕರೆ ಮಾಡಿ.

ಇಂಧನ ತುಂಬಿಸಿದ ಪ್ರತಿ ಬಾರಿಯೂ ಹಣ ಪಾವತಿಸುವ ಮೊದಲು ಮುಚ್ಚಳವನ್ನು ಸ್ವತಃ ನೋಡಿ ಕೊಳ್ಳುವ ಅಭ್ಯಾಸವನ್ನು ವಾಹನ ಮಾಲೀಕರು ಹಾಗೂ ಚಾಲಕರು ರೂಢಿಸಿಕೊಳ್ಳಬೇಕೆಂದು ಕೋರಲಾಗಿದೆ.